ಬಿಟ್ಟ ವಚನ

ವಾಚನದ ಪಟ್ಟಿಯನ್ನು ಸುಶೀಲಾ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಮದುವೆ, ಜ್ವರ, ರಾತ್ರಿ ಪಾಳಿ ಎಂದು ಜನ ಕಡೇ ಗಳಿಗೆಯಲ್ಲಿ ದಿನ ಬದಲಿಸಿಕೊಳ್ಳುತ್ತಿದ್ದರು, ರಬ್ಬರು ಕೈಯಲ್ಲೇ ಇರಬೇಕಾಗುತ್ತಿತ್ತು. ಒಂದು ಹೆಸರನ್ನು ಮಾತ್ರ ಅವಳು ಪೆನ್ನಿನಲ್ಲಿ ಬರೆಯುತ್ತಿದ್ದಳು. ಅದು ಧನಂಜಯನದು.

ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಒಂದು ಕಾಲಕ್ಕೆ ಕನ್ನಡ ಕ್ರೈಸ್ತರ ಮನೆಗಳು ಇಪ್ಪತ್ತೆರಡಿದ್ದವು. ಗದಗ, ಹುಬ್ಬಳ್ಳಿ, ಧಾರವಾಡದ ಕಡೆಯಿಂದ ನೌಕರಿಗೆ ಬಂದವರು. ಈಗ ವಿಜಯವಾಡಕ್ಕೆ ಹೋಗಿ ನೆಲೆಸಿದವರನ್ನೂ ಸೇರಿಸಿದರೆ ಹದಿನಾರು. ಭಾನುವಾರ ತೆಲುಗು ಸಭೆಗೆ ಹೋಗಿ ತೆಲುಗಿನಲ್ಲೇ ಹಾಡಿ ಬರುವ ಈ ಜನಕ್ಕೆ ದೇವರ ಮಾತು ಕನ್ನಡದಲ್ಲಿ ಕಿವಿಗೆ ಬೀಳುವುದು ದಿನಾ ಬೆಳಗ್ಗೆ ಆರಕ್ಕೆ, ಫೋನಿನಲ್ಲಿ. ಅವತ್ತು ಯಾರ ಪಾಳಿಯೋ ಅವರು ಆ ದಿನದ ಭಾಗವನ್ನು ಓದಿ, ಅದರ ಮೇಲೆ ಐದು ನಿಮಿಷ ಧ್ಯಾನ ಹೇಳಿ, ಗುಂಪಿಗೆ ಕಳಿಸಬೇಕು. ಯಾವ ದಿನಕ್ಕೆ ಯಾವ ಭಾಗ ಎಂಬುದನ್ನು ಸಭಾವರ್ಷದ ವಾಚನ ಪುಸ್ತಕ ಹೇಳುತ್ತದೆ. ಯಾವ ದಿನಕ್ಕೆ ಯಾರು ಎಂಬುದನ್ನು ಸುಶೀಲಾ ಹೇಳುತ್ತಾಳೆ. ಬಂದ ಭಾಗವನ್ನು ಒಲ್ಲೆ ಅನ್ನುವ ಹಾಗಿಲ್ಲ; ಅಂದರೆ ಯಾಕೆಂದು ಎಲ್ಲರ ಮುಂದೆ ಹೇಳಬೇಕು. ಗುಂಪು ಕಟ್ಟಿದ ಸಾಲೋಮನ್ ಮಾಸ್ತರರು ಹಾಕಿಕೊಟ್ಟ ಕಟ್ಟಳೆ ಅದು.

ಈ ಕಟ್ಟಳೆಯನ್ನೇ ಸುಶೀಲಾ ಕುಡುಗೋಲಿನಂತೆ ಮಸೆದಿಟ್ಟುಕೊಂಡಿದ್ದಳು.

ಹೋದ ವರ್ಷ ಫೆಬ್ರವರಿಯಲ್ಲಿ ಧನಂಜಯನ ಪಾಳಿಗೆ ಕಾಯಿನ ಬಂದ. ನಿನ್ನ ತಮ್ಮ ಎಲ್ಲಿ ಎಂದು ದೇವರು ಕೇಳುವುದು, ನಾನೇನು ಅವನನ್ನು ಕಾಯುವವನೋ ಎಂದು ಕಾಯಿನ ಮುಖ ತಿರುಗಿಸುವುದು. ಜೂನಿನಲ್ಲಿ ಆಹಾಬ ರಾಜ, ನಾಬೋತನನ್ನು ಕೊಲ್ಲಿಸಿ ದ್ರಾಕ್ಷಿ ತೋಟ ನೋಡಲು ಹೊರಟವನು. ಆಗಸ್ಟಿನಲ್ಲಿ ಆಕಾನ, ಕದ್ದ ಮಾಲನ್ನು ಗುಡಾರದ ನೆಲದಲ್ಲಿ ಹೂತಿಟ್ಟು ಜನರ ನಡುವೆ ಏನೂ ಅರಿಯದವನ ಹಾಗೆ ನಿಂತವನು. ಅಕ್ಟೋಬರಿನಲ್ಲಿ ಅನನೀಯ, ಸುಳ್ಳು ಹೇಳಿ ನಿಂತಲ್ಲೇ ಬಿದ್ದು ಸತ್ತವನು.

ಆರಕ್ಕೆ ಸರಿಯಾಗಿ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸುಶೀಲಾ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಧನಂಜಯನ ದನಿ ಚಂದ, ಜೇನು ಸವರಿದ ಹಾಗೆ. ಕಾಯಿನನ ದಿನ ‘ಸಿಟ್ಟನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬೇಕು’ ಅಂದ. ಆಹಾಬನ ದಿನ ‘ಆಸೆಗೆ ಮಿತಿ ಇರಬೇಕು’ ಅಂದ. ಆಕಾನನ ದಿನ ಒಂದು ನಗೆಚಟಾಕಿಯನ್ನೂ ಹೇಳಿದ. ಯಾವ ಭಾಗ ಕೊಟ್ಟರೂ ಅವನ ಮೈಗೆ ತಾಗದೆ ಜಾರಿ ಕೆಳಗೆ ಬೀಳುತ್ತಿತ್ತು. ಅವಳ ಕೈಯ ರೊಟ್ಟಿ ಮಾತ್ರ ತೆಳುವಾಗಿ ಹರಿದುಹೋಗುತ್ತಿತ್ತು.

ಅವಳಿಗೆ ಅವನಿಂದ ಬೇಕಾಗಿದ್ದದ್ದು ಒಂದೇ ಒಂದು ಮಾತು.

ಅಜಯ್ ಅವಳ ಒಬ್ಬನೇ ಮಗ. ಗಂಡ ಸ್ಯಾಮುವೇಲ ತೀರಿಕೊಂಡ ಮೇಲೆ ಹುಡುಗನಿಗೆ ಅಚ್ಯುತಾಪುರಂನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದವನು ಧನಂಜಯನೇ. ಅಲ್ಲಿ ಅವನು ಪ್ರೊಡಕ್ಷನ್ ಮ್ಯಾನೇಜರ್. ಸ್ಯಾಮುವೇಲನ ಜೊತೆ ಒಂದೇ ಬೆಂಚಿನಲ್ಲಿ ಕೂತು ಹಾಡಿದವನು, ಅಜಯ್‌ನನ್ನು ಎತ್ತಿ ಆಡಿಸಿದವನು. ಎರಡು ವರ್ಷದ ಹಿಂದಿನ ಒಂದು ಗುರುವಾರ ಮಧ್ಯಾಹ್ನ ಅಜಯ್ ಕಾರ್ಖಾನೆಯಿಂದ ಫೋನ್ ಮಾಡಿದ್ದ.

“ಅವ್ವಾ, ಇವತ್ತ ಟ್ಯಾಂಕ್ ತೊಳ್ಯೂದೈತಿ. ಧನಂಜಯ ಅಂಕಲ್ ಇಳಿ ಅಂದಾರ.”

“ಊಟ ಮಾಡಿದಿ?”

“ಮನೀಗೆ ಬಂದ ಮಾಡ್ತೀನಿ. ನನಗೆರಡು ರೊಟ್ಟಿ ಎತ್ತಿಡು.”

“ನಾಲ್ಕಕ್ಕ ಮನ್ಯಾಗ ಇರಬೇಕ ನೋಡ. ಸಂಜೀಕ ಕೂಟ ನಮ್ಮಲ್ಲೇ ಐತಿ, ವಾಚನ ನಿಂದು.”

“ಹೂಂ ಅಂದ್ನೆಲ್ಲ, ಬರ್ತೀನಿ.”

ಮೂರೂಕಾಲಿಗೆ ಇನ್ನೊಂದು ಫೋನ್ ಬಂತು. ಟ್ಯಾಂಕಿನ ತಳದಲ್ಲಿ ವಿಷಗಾಳಿ ಉಳಿದಿತ್ತು. ಇಳಿದ ಹುಡುಗ ಮೇಲೆ ಹತ್ತಲಿಲ್ಲ.

ಟ್ಯಾಂಕಿಗೆ ಇಳಿಯುವ ಮೊದಲು ಮೀಟರ್ ಇಳಿಬಿಟ್ಟು ಒಳಗಿನ ಗಾಳಿಯನ್ನು ಪರೀಕ್ಷಿಸಬೇಕು, ಮ್ಯಾನೇಜರು ಅನುಮತಿ ಕಾಗದಕ್ಕೆ ಸಹಿ ಹಾಕಬೇಕು. ಎರಡೂ ಆಗಿರಲಿಲ್ಲ. ವಿಚಾರಣೆಯಲ್ಲಿ ಧನಂಜಯ, ‘ನಾನು ಇಳಿಯಲು ಹೇಳಿರಲಿಲ್ಲ, ಅಜಯ್ ತಾನಾಗಿಯೇ ಇಳಿದ’ ಎಂದು ಹೇಳಿದ. ಫ್ಯಾಕ್ಟರಿ ಇನ್‌ಸ್ಪೆಕ್ಟರರ ವರದಿಯಲ್ಲಿ ಆ ಮಾತು ಹಾಗೇ ಅಚ್ಚಾಯಿತು. ಮಧ್ಯಾಹ್ನದ ಫೋನಿನ ಸಂಗತಿಯನ್ನು ಸುಶೀಲಾ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, “ತಲ್ಲಿ ಮನಸು ಕದಮ್ಮಾ,” ಅಂದರು. ತಾಯಿಯ ಮನಸ್ಸು, ಹಾಗೆ ಹೇಳುತ್ತದೆ ಎಂದು. ಟೌನ್‌ಶಿಪ್ಪಿನಲ್ಲಿ, ಅವಳ ಬೆನ್ನ ಹಿಂದೆ, ಹುಡುಗ ಸ್ವಲ್ಪ ಹುಂಬ ಇದ್ದ ಅಂದರು. ಧನಂಜಯ ಬೇರೆ ಕಂಪನಿ ಸೇರಿ, ಮೇಲಿನ ಹುದ್ದೆ ಹಿಡಿದು ವಿಜಯವಾಡಕ್ಕೆ ಹೋದ.

ತಾನಾಗಿಯೇ ಇಳಿದ ಎಂಬ ಮಾತನ್ನು ಆಡಿದ ಬಾಯೇ ಹಿಂದಕ್ಕೆ ನುಂಗಬೇಕು, ಅದೂ ಹದಿನಾರು ಮನೆಗಳವರ ಮುಂದೆ. ಸುಶೀಲಾ ಬದುಕಿದ್ದದ್ದು ಅದಕ್ಕಾಗಿ.

ಬೆಟಗೇರಿಯ ನೇಕಾರರ ಓಣಿಯಲ್ಲಿ ಅವಳ ಅಜ್ಜಿ ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತ ಮೊಮ್ಮಗಳಿಂದ ಕೀರ್ತನೆಗಳನ್ನು ಹೇಳಿಸುತ್ತಿದ್ದಳು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಕೀರ್ತನೆಗಳೆಲ್ಲ ಕಿವಿಯಲ್ಲಿ ಬಂದು ಬಾಯಲ್ಲಿ ಕೂತಿದ್ದವು. ಹುಡುಗಿ ಒಂದು ವಚನ ಹಾರಿಸಿದರೆ ರಾಟಿ ನಿಲ್ಲುತ್ತಿತ್ತು. “ಬಿಟ್ಟಿ ನೋಡ. ಮೊದಲಿಂದ ಹೇಳ.” ಕಡೇ ವಚನದ ಹೊಸ್ತಿಲಿಗೆ ಬಂದು ಎಡವಿದರೂ ಮೊದಲಿಂದಲೇ. ಹೀಗಾಗಿ ಸುಶೀಲಾಗೆ ಒಮ್ಮೆ ಕೇಳಿದ ಮಾತು, ಕೆಮ್ಮಿದ್ದು ತಡವರಿಸಿದ್ದು ಸಮೇತ, ಹಾಗೇ ನಿಂತುಬಿಡುತ್ತಿತ್ತು. ಅವಳು ಹೆಚ್ಚು ಮಾತಾಡುವವಳಲ್ಲ. ಕೇಳುವವಳು.

ವಾಚನ ಪುಸ್ತಕದ ಮೇಲೆ ಅವಳಿಗೆ ಮೊದಲಿನಿಂದ ಒಂದು ಮುನಿಸಿತ್ತು. ಕೀರ್ತನೆಗಳಲ್ಲಿ ಶಾಪದ ಮಾತು ಬಂದಲ್ಲೆಲ್ಲ ಪುಸ್ತಕ ಕಾಲೆತ್ತಿ ದಾಟಿಬಿಡುತ್ತಿತ್ತು. ನೂರ ಒಂಬತ್ತನೆಯ ಕೀರ್ತನೆ ಎಂದು ಬರೆದು, ವಚನ ಒಂದರಿಂದ ಐದು, ಆಮೇಲೆ ಇಪ್ಪತ್ತೊಂದರಿಂದ ಎಂದು ತೋರಿಸುತ್ತಿತ್ತು. ನಡುವೆ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಕೆಟ್ಟವನ ಆಯುಸ್ಸು ಸಣ್ಣದಾಗಲಿ, ಅವನ ಹುದ್ದೆ ಇನ್ನೊಬ್ಬನಿಗೆ ಹೋಗಲಿ, ಅವನ ಮಕ್ಕಳು ತಂದೆಯಿಲ್ಲದೆ ಅಲೆಯಲಿ. ಕೇಳಿಸಿಕೊಳ್ಳಲು ದೇವರಿಗಿಲ್ಲದ ಅಂಜಿಕೆ ಪುಸ್ತಕ ಮಾಡಿದವರಿಗೆ ಯಾಕೆ ಬಂತೋ! ಬಿಟ್ಟ ಆ ವಚನಗಳನ್ನೆಲ್ಲ ಅವಳು ದಿನಾ ಪಾತ್ರೆ ತಿಕ್ಕುತ್ತ ಹೇಳಿಕೊಳ್ಳುತ್ತಿದ್ದಳು, ಧನಂಜಯನ ಹೆಸರು ಸೇರಿಸಿ. ಮಕ್ಕಳು ಎಂಬಲ್ಲಿಗೆ ಬಂದಾಗ ಅವನ ಮಗಳು ನಿಕಿತಾಳ ಮುಖ ಕಣ್ಣೆದುರು ಬರುತ್ತಿತ್ತು. ಆದರೂ ಆ ವಚನವನ್ನು ಬಿಡುತ್ತಿರಲಿಲ್ಲ.

ನವೆಂಬರಿನಲ್ಲಿ ಒಂದು ಸಂಜೆ ಧನಂಜಯನ ಹೆಂಡತಿ ಹೈಮಾವತಿ ಫೋನ್ ಮಾಡಿದಳು. ತೆನಾಲಿಯ ಕಡೆಯವಳು, ಗಂಡನಿಂದ ಕಲಿತ ಕನ್ನಡ ಅವಳ ಬಾಯಲ್ಲಿ ತೆಲುಗಿನ ಜೊತೆ ಕಲಸಿ ಬರುತ್ತಿತ್ತು. ಸುಶೀಲಾ ಅವಳಿಗೆ ‘ವದಿನಾ’, ಅತ್ತಿಗೆ; ಗಂಡ ‘ಮಾ ಇವರು’.

“ವದಿನಾ, ಚೆನ್ನಾಗಿದ್ದೀರಾ ಅಂಡಿ? ಒಂದು ಮಾತು ಕೇಳ್ತೀನಿ, ಏನೂ ಅನ್ಕೋಬೇಡಿ. ಪ್ರತಿಸಾರಿ ಮಾ ಇವರಿಗೇ ಕಾಯಿನು, ಆಹಾಬು, ಆ ಸತ್ತೋದ ಅನನೀಯ! ಅನಿರುದ್ಧ್ ಅವರಿಗೆ ನೋಡಿ, ಕಾನಾ ಊರಿನ ಮದುವೆ, ಐದು ಸಾವಿರ ಜನಕ್ಕೆ ಊಟ. ನಮಗೇನೋ ಬರೀ ಹೆಣಗಳು!”

“ಪುಸ್ತಕದಾಗ ಬಂದದ್ದವಾ. ನಾ ಏನ ಮಾಡ್ಲಿ?”

“ಪುಸ್ತಕದಲ್ಲಿ ಮಾ ಇವರ ಹೆಸರು ಇರೋದಿಲ್ಲ ಕದಾ ವದಿನಾ,” ಎಂದು ಹೈಮಾವತಿ ನಕ್ಕಳು. ಸುಶೀಲಾ ನಗಲಿಲ್ಲ. ಒಂದು ವಾರಕ್ಕೆ ಕೊರಿಯರಿನಲ್ಲಿ ಮಂಗಳಗಿರಿಯ ಒಂದು ಸೀರೆ ಬಂತು, ಹಸಿರು ಮೈ, ಸಣ್ಣ ಜರಿಯಂಚು. ನೇಕಾರರ ಮನೆಯ ಹೆಣ್ಣು ಅಂಚಿನ ಮೇಲೆ ಬೆರಳಾಡಿಸಿ ನೋಡಿದಳು. ಒಳ್ಳೆಯ ನೇಯ್ಗೆ; ಒಂದು ಎಳೆಯೂ ತಪ್ಪಿರಲಿಲ್ಲ. ಮಡಚಿ ಒಳಗಿಟ್ಟಳು. ಇದಕ್ಕೊಂದು ದಿನ ಬರುತ್ತದೆ ಎಂದುಕೊಂಡಳು.

ಮಾರನೆಯ ದಿನವೇ ಜನವರಿಯ ಪಟ್ಟಿಗೆ ಕೂತಳು. ಈ ಸಲ ಧನಂಜಯನಿಗೆ ದಾವೀದ ರಾಜನ ಭಾಗ ಹಾಕುವ ಎಣಿಕೆ ಅವಳದು. ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡವನ ಕಥೆಯನ್ನು ಪ್ರವಾದಿ ನಾತಾನ ಹೇಳುತ್ತಾನೆ, ಅಂಥವನು ಸಾಯಬೇಕು ಎಂದು ರಾಜ ಗುಡುಗುತ್ತಾನೆ, ಆಗ ಪ್ರವಾದಿ ಬೆರಳು ತೋರಿಸಿ, ಅವನು ನೀನೇ ಅನ್ನುತ್ತಾನೆ. ಇದರಿಂದ ಹೇಗೆ ಜಾರಿಕೊಳ್ಳುತ್ತಾನೋ ನೋಡಿಯೇಬಿಡೋಣ ಎಂದು, ಜನವರಿಯ ಕೊನೆಯ ಶನಿವಾರದ ಮುಂದೆ ಪೆನ್ನನ್ನು ಒತ್ತಿ ಅವನ ಹೆಸರು ಬರೆದಳು.

ಅಲ್ಲೇ ಅವಳ ಕೈ ತಪ್ಪಿತು. ಪುಸ್ತಕದಲ್ಲಿ ಎಡಗಡೆಯ ಪುಟ ಬೆಸ ವರ್ಷಕ್ಕೆ, ಬಲಗಡೆಯದು ಸರಿ ವರ್ಷಕ್ಕೆ. ಸಭೆಯ ವರ್ಷ ಮಗ್ಗುಲು ಬದಲಿಸುವುದು ಕ್ರಿಸ್ಮಸ್ಸಿಗೆ ನಾಲ್ಕು ಭಾನುವಾರ ಮುಂಚೆ. ನವೆಂಬರಿನಲ್ಲಿ ಕೂತು ಸರಿ ವರ್ಷದ ಜನವರಿಯ ಪಟ್ಟಿ ಬರೆಯುವವರು ನೆನಪಿಟ್ಟು ಬಲಗಡೆಯ ಪುಟಕ್ಕೆ ದಾಟಬೇಕು. ಹನ್ನೊಂದು ವರ್ಷದಲ್ಲಿ ಅವಳು ಒಮ್ಮೆಯೂ ಮರೆತಿರಲಿಲ್ಲ. ಈ ಸಲ ಕಣ್ಣೆಲ್ಲ ನಾತಾನನ ಬೆರಳಿನ ಮೇಲೇ ಇತ್ತು, ಎಡಗಡೆಯ ಪುಟದಲ್ಲೇ ಉಳಿದುಬಿಟ್ಟಳು.

ಬಲಗಡೆಯ ಪುಟದಲ್ಲಿ ಆ ಶನಿವಾರಕ್ಕೆ ಇದ್ದದ್ದು ನಾಯಿನ ಊರಿನ ವಿಧವೆಯ ಭಾಗ, ಅವಳ ಸತ್ತ ಮಗನನ್ನು ಕರ್ತನು ಬದುಕಿಸಿ ಕೊಡುವುದು. ಎರಡು ವರ್ಷದಿಂದ ಸುಶೀಲಾ ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ಪುಸ್ತಕದಲ್ಲಿ ಅದು ಬಂದ ದಿನ ತನ್ನ ಹೆಸರು ಬರೆದುಕೊಂಡು, ಧ್ಯಾನ ಹೇಳದೆ, ಬರೀ ಓದಿ ಮುಗಿಸುತ್ತಿದ್ದಳು.

ಶನಿವಾರ ಬೆಳಗ್ಗೆ ಆರಕ್ಕೆ ದನಿ ಬಂತು. ಹಿಟ್ಟು ನಾದುತ್ತಿದ್ದ ಸುಶೀಲಾ ನಾತಾನನಿಗೆ ಕಿವಿಕೊಟ್ಟು ಕೂತಿದ್ದಳು. ಊರ ಬಾಗಿಲು ಎಂಬ ಮಾತು ಕೇಳಿತು. ಹೊತ್ತು ತರುತ್ತಿದ್ದ ಶವ. ತಾಯಿಗೆ ಒಬ್ಬನೇ ಮಗ. ಅವಳೋ ವಿಧವೆ. ಸುಶೀಲಾ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಇವನ ಬಾಯಲ್ಲಿ! ಮುಂದಿನ ಮಾತು ಏನೆಂದು ಅವಳಿಗೆ ಗೊತ್ತು. ಆ ತಾಯಿಯನ್ನು ನೋಡಿ ಕರ್ತನು, ಅಳಬೇಡ ಅನ್ನುತ್ತಾನೆ. ಈ ಮನುಷ್ಯ ನನಗೆ ಅಳಬೇಡ ಅನ್ನುತ್ತಾನೆಯೇ! ಫೋನನ್ನು ಎತ್ತಿ ಗೋಡೆಗೆ ಬಡಿಯಬೇಕು ಅನ್ನಿಸಿತು.

ಧನಂಜಯ ಆ ಮಾತು ಅನ್ನಲಿಲ್ಲ. ‘ಅಳ’ ಎಂದು ಹೊರಟ ದನಿ ನಿಂತಿತು. ಫ್ಯಾನಿನ ಸದ್ದು ಕೇಳಿಸಿತು, ಆಮೇಲೆ ಒಂದು ಕೆಮ್ಮು.

“ಇದನ್ನ ನಾ ಹ್ಯಾಂಗ ಓದ್ಲಿ?” ಪುಸ್ತಕದ ಕನ್ನಡ ಹೋಗಿ ಊರಿನ ಕನ್ನಡ ಬಂದಿತ್ತು. “ಅಜಯ್ ತಾನಾಗಿ ಇಳೀಲಿಲ್ಲ. ನಾನೇ ಇಳಿ ಅಂದೆ. ಗಾಳಿ ನೋಡೂ ಮೀಟರ್ ಇನ್ನೂ ಬಂದಿದ್ದಿಲ್ಲ. ಕಾಗದಕ್ಕ ನಾ ಸಹಿ ಹಾಕಿದ್ದಿಲ್ಲ. ಅಂಕಲ್, ಅವ್ವ ನಾಲ್ಕಕ್ಕ ಬಾ ಅಂದಾಳ, ಸಂಜೀಕ ವಾಚನ ನಂದೈತಿ, ಲಗೂನ ಇಳದ ಮುಗಿಸಿಬಿಡ್ಲೇನು ಅಂತ ಕೇಳಿದ. ತಡಿ ಅನ್ನಬೇಕಾಗಿತ್ತು. ಹೂಂ, ಇಳಿ ಅಂದೆ. ವಿಚಾರಣಿಯಾಗ ಸುಳ್ಳು ಹೇಳಿದೆ. ನನ್ನ ನೌಕರಿ ಉಳೀಲಿ ಅಂತ ಹೇಳಿದೆ. ಕರ್ತಾ...” ಬೇಕೆಂದೇ ಕಳಿಸಿದನೋ, ಬೆರಳು ತಪ್ಪಿತೋ, ಅಷ್ಟಕ್ಕೆ ಮುಗಿದಿತ್ತು.

ಸುಶೀಲಾ ಕೈ ತೊಳೆದು ಬಂದು ಮತ್ತೊಮ್ಮೆ ಒತ್ತುವಷ್ಟರಲ್ಲಿ ಅದು ಇರಲಿಲ್ಲ. ಸಂದೇಶ ಅಳಿಸಲಾಗಿದೆ ಎಂಬ ಸಾಲಿತ್ತು. ಆರೂ ಇಪ್ಪತ್ತಕ್ಕೆ ಹೊಸದು ಬಂತು: ‘ನೆಟ್‌ವರ್ಕ್ ತೊಂದರೆಯಿಂದ ಮೊದಲಿನದು ಕೆಟ್ಟಿತ್ತು, ಕ್ಷಮೆಯಿರಲಿ.’ ಅದೇ ಭಾಗ, ಜೇನಿನ ದನಿ, ಕರ್ತನ ಕರುಣೆಯ ಮೇಲೆ ಐದು ನಿಮಿಷದ ಧ್ಯಾನ. ಅಳಬೇಡ ಎಂಬಲ್ಲಿ ಈ ಸಲ ಅವನು ತಡೆಯಲಿಲ್ಲ.

ಆರೂವರೆಗೆ ಅವನೇ ಫೋನ್ ಮಾಡಿದ.

“ಸುಶೀಲಕ್ಕಾ, ಎದ್ದೀರೇನ್ರಿ?”

“ಈಗ ಎದ್ದೆಪಾ. ಮೈಯಾಗ ಆರಾಮಿಲ್ಲ.”

“ಮೊದಲನೇದು... ಕೇಳಿದ್ರೇನು?”

“ಏನದು?”

“ಏನಿಲ್ಲ ಬಿಡ್ರಿ. ನೆಟ್‌ವರ್ಕ್.” ಅವನು ಉಸಿರು ಬಿಟ್ಟದ್ದು ಇವಳಿಗೆ ಕೇಳಿಸಿತು. ಅದನ್ನೂ ಜೋಡಿಸಿಟ್ಟುಕೊಂಡಳು. ಪಟ್ಟಿ ತೆಗೆದು ನೋಡಿದಾಗ ತಾನು ಮಾಡಿದ ತಪ್ಪು ಕಂಡಿತು. ವರ್ಷವೆಲ್ಲ ಆರಿಸಿ ಆರಿಸಿ ಎಸೆದ ಕಲ್ಲುಗಳು ಅವನಿಗೆ ತಾಗಿರಲಿಲ್ಲ. ಕೈಜಾರಿ ಬಿದ್ದದ್ದು ತಾಗಿತ್ತು.

ಇವತ್ತೇ ಗುಂಪಿನಲ್ಲಿ ಕೂಗಬಹುದಿತ್ತು. ಅವನು ಇಲ್ಲ ಅನ್ನುತ್ತಿದ್ದ. ಮುದುಕಿಗೆ ಭ್ರಮೆ ಅನ್ನುತ್ತಿದ್ದರು. ಅವನ ಮುಖ ಎದುರಿಗಿರಬೇಕು, ಎಲ್ಲರೂ ಇರಬೇಕು. ಈಸ್ಟರಿಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದ ಹಿಂದಿನ ದಿನ ಎರಡೂ ಊರಿನವರು ಒಂದೆಡೆ ಕೂಡುತ್ತಾರೆ. ಈ ವರ್ಷ ವಿಜಯವಾಡದ ಪಾಳಿ, ಧನಂಜಯನ ಅಪಾರ್ಟ್‌ಮೆಂಟಿನ ಹಾಲಿನಲ್ಲಿ. ಆ ಕೂಟದಲ್ಲಿ ಪುಸ್ತಕ ತೆರೆಯುವುದಿಲ್ಲ. ಒಬ್ಬರು ಎದ್ದು ನಿಂತು ಬಾಯಿಪಾಠವಾಗಿ ಭಾಗ ಹೇಳಿ, ಮೇಲೆ ಧ್ಯಾನವನ್ನೂ ಹೇಳಬೇಕು. ಹನ್ನೊಂದು ವರ್ಷದಿಂದ ಅದು ಸುಶೀಲಾಳ ಕೆಲಸ. ಎಂಟು ವಾರ ಕಾಯಬೇಕಾಗಿತ್ತು. ದಿನಾ ಪಾತ್ರೆ ತಿಕ್ಕುವಾಗ ಶಾಪದ ಕೀರ್ತನೆಯನ್ನು ನಿಲ್ಲಿಸಿ ಧನಂಜಯನ ಮಾತನ್ನೇ ಹೇಳಿಕೊಂಡಳು, ಕೆಮ್ಮು ಸಮೇತ. ಒಂದು ಜಾಗದಲ್ಲಿ ಪ್ರತಿ ಸಲ ಕೈಯ ಪಾತ್ರೆ ನಿಲ್ಲುತ್ತಿತ್ತು. ಅವ್ವ ನಾಲ್ಕಕ್ಕ ಬಾ ಅಂದಾಳ.

ಬೆಳಗಿನ ರೈಲು ಹಿಡಿದು, ಹೈಮಾವತಿ ಕಳಿಸಿದ ಮಂಗಳಗಿರಿ ಸೀರೆಯನ್ನೇ ಉಟ್ಟು ಅವಳು ವಿಜಯವಾಡಕ್ಕೆ ಹೋದಳು. ಪಟಮಟ ಬಡಾವಣೆಯ ಆ ಹಾಲಿನ ಬಾಗಿಲಲ್ಲಿ ಹೈಮಾವತಿ ಎರಡೂ ಕೈ ಹಿಡಿದುಕೊಂಡಳು.

“ಅಬ್ಬಾ ವದಿನಾ, ಎಷ್ಟು ಚೆನ್ನಾಗಿ ಒಪ್ಪಿದೆ ನಿಮಗೆ! ನಾನೇ ಮಗ್ಗದ ಹತ್ರ ಹೋಗಿ ಆರಿಸಿದ್ದು.”

“ಇವತ್ತಿಗಂತ ಇಟ್ಟಿದ್ದೆ,” ಅಂದಳು ಸುಶೀಲಾ.

ಧನಂಜಯ ನೀಲಿ ಅಂಗಿ ತೊಟ್ಟು ಕುರ್ಚಿ ಜೋಡಿಸುತ್ತಿದ್ದ. ಕೂದಲು ಮೊದಲಿಗಿಂತ ಬೆಳ್ಳಗಾಗಿತ್ತು. “ಬರ್ರಿ ಅಕ್ಕಾ, ಫ್ಯಾನಿನ ಕೆಳಗ ಕೂಡ್ರಿ,” ಅಂದ. ಹಾಡಾಯಿತು, ಪ್ರಾರ್ಥನೆಯಾಯಿತು. ಎಂಬತ್ತೊಂದು ವರ್ಷದ ಸಾಲೋಮನ್ ಮಾಸ್ತರರು ಕೋಲೂರಿಕೊಂಡು ಮುಂದಿನ ಸಾಲಿನಲ್ಲಿ ಕೂತು, “ಹೂಂ, ನಮ್ಮ ಸುಶೀಲವ್ವ ಹೇಳ್ಲಿ,” ಅಂದರು.

ಸುಶೀಲಾ ಎದ್ದು ಆ ದಿನದ ಭಾಗವನ್ನು ಹೇಳಿದಳು. ಒಬ್ಬ ಮನುಷ್ಯ ಜನರೆಲ್ಲರಿಗಾಗಿ ಸಾಯುವುದು ಲೇಸು ಎಂದು ದೊಡ್ಡವರು ಕೂತು ಆಲೋಚನೆ ಮಾಡುವ ಭಾಗ. ಒಂದು ಅಕ್ಷರ ಅತ್ತಿತ್ತ ಆಗಲಿಲ್ಲ. ಜನ ‘ದೇವರಿಗೆ ಸ್ತೋತ್ರ’ ಅಂದರು.

“ಇನ್ನ ಧ್ಯಾನ,” ಅಂದಳು. “ಇದು ನಂದಲ್ಲ. ಜನವರಿ ಕಡೇ ಶನಿವಾರ ಮುಂಜಾನೆ ಆರಕ್ಕ ಗುಂಪಿಗೆ ಬಂದಿತ್ತು. ಭಾಳ ಮಂದಿ ಕೇಳೂದರಾಗ ಅಳಿಸಿದ್ರು. ನನಗ ಬಾಯಿಪಾಠ ಆಗೇತಿ.”

ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಕಿರುಗುಟ್ಟಿತು. ಅವಳು ಅತ್ತ ನೋಡಲಿಲ್ಲ. ನಾಯಿನ ಊರಿನ ವಿಧವೆಯ ಭಾಗವನ್ನು ಧನಂಜಯನ ಏರಿಳಿತದಲ್ಲೇ ಹೇಳುತ್ತ ಬಂದಳು. ‘ಅಳ’ ಎಂದು ನಿಲ್ಲಿಸಿದಳು. ಅವನು ಕೆಮ್ಮಿದಲ್ಲಿ ಕೆಮ್ಮಿದಳು. ನಗಲು ಹೊರಟಿದ್ದ ಅನಿರುದ್ಧ್ ಬಾಯಿ ಮುಚ್ಚಿದ.

“ಇದನ್ನ ನಾ ಹ್ಯಾಂಗ ಓದ್ಲಿ? ಅಜಯ್ ತಾನಾಗಿ ಇಳೀಲಿಲ್ಲ. ನಾನೇ ಇಳಿ ಅಂದೆ. ಗಾಳಿ ನೋಡೂ ಮೀಟರ್ ಇನ್ನೂ ಬಂದಿದ್ದಿಲ್ಲ. ಕಾಗದಕ್ಕ ನಾ ಸಹಿ ಹಾಕಿದ್ದಿಲ್ಲ.”

ಅಲ್ಲಿಗೆ ಬಂದಳು. ಕಿವಿಯೊಳಗೆ ರಾಟಿ ತಿರುಗುತ್ತಿತ್ತು. ಆ ಮಾತನ್ನು ಇವತ್ತು ಇಲ್ಲಿ ಹೇಳಿದರೆ, ಓಹೋ, ಹುಡುಗನೇ ಅವಸರ ಮಾಡಿದ್ದ ಅನ್ನುತ್ತಾರೆ. ಅವ್ವನೇ ಅವಸರಪಡಿಸಿದ್ದಳು ಅನ್ನುತ್ತಾರೆ. ಇಷ್ಟು ದೂರ ಎಳೆದು ತಂದ ಬಲೆಯಲ್ಲಿ ಅಷ್ಟೇ ಅಗಲದ ತೂತು ಸಾಕು, ಅವನು ನುಸುಳಿ ಹೋಗಲು.

“ತಡಿ ಅನ್ನಬೇಕಾಗಿತ್ತು,” ಎಂದು ಮುಂದಕ್ಕೆ ದಾಟಿದಳು. “ಹೂಂ, ಇಳಿ ಅಂದೆ. ವಿಚಾರಣಿಯಾಗ ಸುಳ್ಳು ಹೇಳಿದೆ. ನನ್ನ ನೌಕರಿ ಉಳೀಲಿ ಅಂತ ಹೇಳಿದೆ. ಕರ್ತಾ.”

ವಾಚನ ಮುಗಿದಾಗ, ಇದು ಕರ್ತನ ವಾಕ್ಯ ಅನ್ನುವುದು ರೂಢಿ. ಸುಶೀಲಾ ತಿರುಗಿ ಹಿಂದಿನ ಸಾಲನ್ನು ನೋಡಿದಳು. “ಇದು ಧನಂಜಯನ ಮಾತು,” ಅಂದಳು.

ಯಾರೂ ಸ್ತೋತ್ರ ಅನ್ನಲಿಲ್ಲ. ಹೈಮಾವತಿ ಮೆಲ್ಲಗೆ, “ಏವಂಡೀ?” ಎಂದು ಗಂಡನ ತೋಳು ಮುಟ್ಟಿದಳು. ಅವಳ ಪಕ್ಕದಲ್ಲಿದ್ದ ನಿಕಿತಾ ತಲೆ ತಗ್ಗಿಸಿ ಕೂತಿದ್ದಳು.

ಸಾಲೋಮನ್ ಮಾಸ್ತರರು ಕೋಲನ್ನು ಎರಡು ಸಲ ನೆಲಕ್ಕೆ ಕುಟ್ಟಿದರು. “ಧನಂಜಯ, ಎದ್ದ ನಿಂದ್ರು. ಇದು ನಿನ್ನ ಮಾತೇನು?”

ಎದ್ದು ನಿಂತ ಧನಂಜಯ ಸುಶೀಲಾಳನ್ನೇ ನೋಡಿದ. ಅವನ ಬಾಯಿ ಏನನ್ನೋ ಹೇಳಲು ತೆರೆಯಿತು. ಇವಳ ಕೈ ಸೀರೆಯ ಅಂಚನ್ನು ಬಿಗಿಯಾಗಿ ಹಿಡಿಯಿತು. ಈಗ ಹೇಳುತ್ತಾನೆ. ಬಿಟ್ಟದ್ದನ್ನು ಹೇಳಿಬಿಡುತ್ತಾನೆ.

“ಹೌದ್ರಿ. ನಂದ,” ಅಂದ. “ಅಕ್ಕ ಹೇಳಿದ್ದೆಲ್ಲಾ ಖರೆ ಐತಿ.”

“ಬರದ ಕೊಡ್ತೀಯೇನು?”

“ಕೊಡ್ತೀನ್ರಿ.”

ಕಾಗದಕ್ಕೆ ಹುಡುಕಾಡಿದರು. ಸುಶೀಲಾ ಚೀಲದಿಂದ ಜನವರಿಯ ಪಟ್ಟಿಯನ್ನು ತೆಗೆದು ಅದರ ಬೆನ್ನನ್ನು ಮೇಲೆ ಮಾಡಿಕೊಟ್ಟಳು. ಪೆನ್ನನ್ನೂ ತಾನೇ ಕೊಟ್ಟಳು. ಅವನು ಕುರ್ಚಿಯ ಮೇಲೆ ಕಾಗದವಿಟ್ಟು, ಮೊಣಕಾಲೂರಿ ಬರೆದ. ಮಾಸ್ತರರು ಸಾಕ್ಷಿ ಹಾಕಿದರು, ಅನಿರುದ್ಧ್ ಹಾಕಿದ. ಸುಶೀಲಾ ಎರಡು ಸಲ ಓದಿದಳು. ಅವಳು ಹೇಳಿದಂತೆಯೇ ಬರೆದಿದ್ದ. ಅವಳು ದಾಟಿದ್ದನ್ನು ಅವನೂ ದಾಟಿದ್ದ.

ಊಟ ಮಾಡದೆ ಜನ ಎದ್ದು ಹೋಗತೊಡಗಿದರು. ಹೈಮಾವತಿ ಅಡುಗೆಯ ಪಾತ್ರೆಗಳ ನಡುವೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಇದೇ ತಾನು ಎರಡು ವರ್ಷ ಬೇಡಿದ್ದು ಎಂದುಕೊಂಡು ಸುಶೀಲಾ ಅದನ್ನೆಲ್ಲ ಕಣ್ತುಂಬ ನೋಡಿದಳು. ಹಸಿದವರಿಗೆ ಅನ್ನ ಇಳಿದ ಹಾಗೆ ಅದು ಅವಳೊಳಗೆ ಇಳಿಯಿತು. ಸುಳ್ಳಲ್ಲ, ಅವಳಿಗೆ ಹಿತವಾಯಿತು.

ಕೈ ತೊಳೆಯುವ ನಲ್ಲಿಯ ಹತ್ತಿರ ನಿಕಿತಾ ಬಂದಳು. ಕಾಲೇಜಿನ ಹುಡುಗಿ, ಅಪ್ಪನನ್ನು ತೆಲುಗಿನಲ್ಲಿ ‘ನಾನ್ನ’ ಅನ್ನುವವಳು. ಕಣ್ಣು ಕೆಂಪಗಿದ್ದವು.

“ಆಂಟಿ, ಒಂದು ಮಾತು ಬಿಟ್ರಿ ನೀವು.”

ಸುಶೀಲಾ ನಲ್ಲಿ ನಿಲ್ಲಿಸಲಿಲ್ಲ.

“ಆವತ್ತು ನಾನ್ನ ರೆಕಾರ್ಡ್ ಮಾಡ್ತಾ ಇದ್ದಾಗ ನಾನು ಪಕ್ಕದ ರೂಮಲ್ಲೇ ಇದ್ದೆ ಕದಾ. ಅಜಯ್ ಅಣ್ಣ ಕೇಳಿದ್ದು, ಲಗೂನ ಇಳೀಲಾ ಅಂತ. ಅದನ್ನ ಹೇಳಲಿಲ್ಲ ನೀವು.”

“ಇಲ್ಲ.”

“ಈಗ ನಾನ್ನಗೆ ಅಂದೆ, ಚೆಪ್ಪು ನಾನ್ನಾ, ಎಲ್ಲರೂ ಹೋಗೋ ಮುಂಚೆ ಅದೂ ಹೇಳು ಅಂತ. ಬ್ಯಾಡ, ಆಕಿ ಬಿಟ್ಟಾಳ, ಬಿಡ್ಲಿ ಅಂದ್ರು.” ಹುಡುಗಿ ಕೈಚಾಚಿ ನಲ್ಲಿ ನಿಲ್ಲಿಸಿದಳು. “ಯಾಕೆ ಬಿಟ್ರಿ ಆಂಟಿ?”

“ಪುಸ್ತಕದಾಗ ಯಾಕ ಬಿಡ್ತಾರ? ಕೇಳೂ ಮಂದಿಗೆ ಬ್ಯಾಡ ಅಂತ ಬಿಡ್ತಾರ. ಹಂಗ ನಾನೂ ಬಿಟ್ಟೆ.”

ಹಾಗೆಂದು ಹೊರಗೆ ಬಂದವಳಿಗೆ ಮೆಟ್ಟಿಲಿಳಿಯುವಾಗ ಮೈಯೆಲ್ಲ ಉರಿಯಿತು. ಬಿಡ್ಲಿ ಅಂದನಂತೆ. ಇವನ ದಯೆ ಯಾರಿಗೆ ಬೇಕಾಗಿತ್ತು? ಕೂಗಾಡಬಾರದಿತ್ತೇ, ಜಗಳಕ್ಕೆ ಬೀಳಬಾರದಿತ್ತೇ, ನಿನ್ನ ಪಾಲೂ ಇದೆ ಎಂದು ಬೆರಳು ತೋರಿಸಬಾರದಿತ್ತೇ! ಗೆದ್ದವಳ ಕೈಯಲ್ಲಿ ಒಂದು ಎಳೆ ತಪ್ಪಿಸಿದ ಬಟ್ಟೆ ಕೊಟ್ಟು ಕಳಿಸಿದ್ದ.

ಮರುದಿನ, ಗರಿಗಳ ಭಾನುವಾರ, ಮಧ್ಯಾಹ್ನದ ರೈಲಿನಲ್ಲಿ ಕಿಟಕಿಯ ಪಕ್ಕ ಕೂತಳು. ಎದುರಿಗಿದ್ದವರು ರಾಜಮಂಡ್ರಿಯಲ್ಲಿ ಇಳಿದು ಹೋದರು. ತುನಿ ದಾಟಿದ ಮೇಲೆ ಗಾಲಿಗಳ ಸದ್ದು ರಾಟಿಯ ಸದ್ದಾಯಿತು. ಬಿಟ್ಟಿ ನೋಡ. ಮೊದಲಿಂದ ಹೇಳ.

ಹೇಳಿದಳು. ಊರ ಬಾಗಿಲಿನಿಂದ ಶುರುಮಾಡಿ, ತುಟಿ ಅಲುಗಿಸುತ್ತ ಹೇಳುತ್ತ ಬಂದಳು. ಕಾಗದ, ಸಹಿ ಎಂಬಲ್ಲಿಗೆ ಬಂದಾಗ ನಾಲಿಗೆ ಕಟ್ಟಿತು. ಮತ್ತೆ ಮೊದಲಿಂದ. ಮತ್ತೆ ಕಟ್ಟಿತು. ಅಚ್ಯುತಾಪುರಕ್ಕೆ ದಾರಿ ಒಡೆಯುವ ಯಲಮಂಚಿಲಿಯಲ್ಲಿ ರೈಲು ಎರಡು ನಿಮಿಷ ನಿಂತಿತು. ಪ್ಲಾಟ್‌ಫಾರ್ಮಿನಲ್ಲಿ ಕಾರ್ಖಾನೆಯ ಬ್ಯಾಡ್ಜು ಹಾಕಿಕೊಂಡ ನಾಲ್ಕು ಹುಡುಗರು ಮುರುಕು ತಿನ್ನುತ್ತ ನಗುತ್ತಿದ್ದರು. ಅವರನ್ನು ನೋಡುತ್ತ ಅವಳು, ಕಿಟಕಿಯ ಸರಳಿಗೆ ಕೇಳಿಸುವಷ್ಟು ದನಿಯಲ್ಲಿ, ಅಜಯ್‌ನ ಮಾತಿನ ಏರಿಳಿತದಲ್ಲೇ ಹೇಳಿದಳು:

“ಅವ್ವ ನಾಲ್ಕಕ್ಕ ಬಾ ಅಂದಾಳ. ಸಂಜೀಕ ವಾಚನ ನಂದೈತಿ. ಲಗೂನ ಇಳದ ಮುಗಿಸಿಬಿಡ್ಲೇನು?”

ಉಳಿದದ್ದನ್ನೂ ಹೇಳಿ ಮುಗಿಸಿದಳು. ರೈಲು ಹೊರಟಿತು. ಕರ್ತನಿಗೆ ಪೂರ್ತಿ ಒಪ್ಪಿಸಿದಂತಾಯಿತು. ಇನ್‌ಸ್ಪೆಕ್ಟರರಿಗೆ ನಾಳೆ ಧನಂಜಯನ ಕಾಗದವನ್ನಷ್ಟೇ ಒಪ್ಪಿಸುವುದು. ಅವನನ್ನು ಕ್ಷಮಿಸಿದಿಯಾ ಎಂದು ರೈಲಿನಲ್ಲಿ ಯಾರಾದರೂ ಕೇಳಿದ್ದರೆ, ಇಲ್ಲ ಅನ್ನುತ್ತಿದ್ದಳು.

ಅನಕಾಪಲ್ಲಿ ಬರುವಷ್ಟರಲ್ಲಿ ಏಪ್ರಿಲ್‌ನ ಪಟ್ಟಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಶುಭ ಶುಕ್ರವಾರದ ಮುಂದೆ ಧನಂಜಯನ ಹೆಸರು ಆಗಲೇ ಇತ್ತು. ಪೇತ್ರನು ಬೆಂಕಿ ಕಾಯಿಸಿಕೊಳ್ಳುತ್ತ ನಿಂತು, ಆ ಮನುಷ್ಯ ಯಾರೋ ನಾನರಿಯೆ ಎಂದು ಮೂರು ಸಲ ಅನ್ನುವ ಭಾಗ. ಪೆನ್ನಿನಲ್ಲಿ ಬರೆದದ್ದು, ಅಳಿಸಲು ಬರುವಂತಿರಲಿಲ್ಲ. ಅಳಿಸುವ ಮನಸ್ಸೂ ಇರಲಿಲ್ಲ. ಸುಮ್ಮನೆ ನೋಡುತ್ತ ಕೂತು, ಕಡೆಗೆ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ‘ಸುಶೀಲಾ’ ಎಂದು ಬರೆದಳು. ರೈಲು ಕುಲುಕಿ ಅಕ್ಷರ ಸೊಟ್ಟಗಾಯಿತು. ರಬ್ಬರು ಹುಡುಕಲು ಚೀಲಕ್ಕೆ ಕೈ ಹಾಕಿದವಳು ಪೆನ್ನನ್ನು ತೆಗೆದು, ಆ ಸೊಟ್ಟ ಅಕ್ಷರಗಳ ಮೇಲೆಯೇ ತಿದ್ದಿದಳು.